ಪಟ್ಟಿಗೆ ಸೇರಿದ ಮಂಗಟ್ಟೆ, ಸೇರದ ಬಾವಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಊರಿನ ಹಕ್ಕಿಗಳ ಪಟ್ಟಿಯಲ್ಲಿ ಕೆಲವು ದಿನ ಇದ್ದ ದೊಡ್ಡ ಮಂಗಟ್ಟೆ ನಾನು. ಆ ಪಟ್ಟಿಯಲ್ಲಿ ಕಾಜಾಣವಿತ್ತು, ಕೆಂಬೂತವಿತ್ತು, ಮರಕುಟಿಕವಿತ್ತು. ಅವೆಲ್ಲ ಪ್ರಾಮಾಣಿಕ ಹಕ್ಕಿಗಳು. ಮಂಗಟ್ಟೆಯೊಂದು ಮಾತ್ರ ಲುಂಗಿ ಎತ್ತಿಕಟ್ಟಿ, ಕೈಯಲ್ಲೊಂದು ಅಡಿಕೆಹಾಳೆ ಹಿಡಿದು, ನಾಗಬನದ ಮುರಕಲ್ಲಿನ ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿತ್ತು. ಅದರ ತೊಡೆಗೆ ಕೆಂಪಿರುವೆ ಕಚ್ಚುತ್ತಿತ್ತು.

ನನ್ನ ಕಸುಬು ಜೆರಾಕ್ಸ್ ಮತ್ತು ಅರ್ಜಿ ತುಂಬುವುದು. ಕೇರಳದ ಗಡಿಯೊಳಗಿನ ಕನ್ನಡದ ಊರು ನಮ್ಮದು; ಬಾಯಾರಿಗೆ ಹೋಗುವ ರಸ್ತೆಯಲ್ಲಿ ಒಂದು ಶಟರಿನ ಅಂಗಡಿ ಇದೆ. ನನ್ನ ಚಟ ಮಿಮಿಕ್ರಿ. ಬಸ್ಸಿನ ಕ್ಲೀನರ್, ವಾರ್ಡಿನ ಮೆಂಬರ್, ಮೈಕಿನ ಮುಂದೆ ನಿಂತರೆ ಮೂಗಿನಿಂದ ಮಾತಾಡುವ ಕ್ಲಬ್ಬಿನ ಅಧ್ಯಕ್ಷ, ಫೋನಿನಲ್ಲಿ ಗಲ್ಫಿನ ಗಂಡನಿಗೆ ಬೈಯುವ ಪಕ್ಕದ ಮನೆಯವರು, ಯಾರನ್ನೂ ನಾನು ಬಿಟ್ಟವನಲ್ಲ. ಇದಕ್ಕೆ ನನಗೆ ಸಿಕ್ಕಿದ ಶಿಕ್ಷೆಯೆಂದರೆ, ನಾನು ನನ್ನದೇ ಸ್ವರದಲ್ಲಿ "ಅಮ್ಮ, ಹೊಟ್ಟೆ ನೋಯ್ತದೆ" ಎಂದರೆ ಅಡುಗೆಮನೆಯಿಂದ ಅಮ್ಮ ಕೇಳುತ್ತಾರೆ: "ಇದು ಯಾರದ್ದು? ನಂಗೆ ಗೊತ್ತಾಗ್ಲಿಲ್ಲ."

ನನಗೆ ಏಳನೇ ಕ್ಲಾಸಿನಲ್ಲಿ ವಿಜ್ಞಾನ ಕಲಿಸಿದ ಮಾಷ್ಟ್ರು ಈಗ ನಿವೃತ್ತರು. ಊರಿನ ಮರ, ಪ್ರಾಣಿ, ಹಕ್ಕಿಗಳನ್ನೆಲ್ಲ ಬರೆದಿಡುವ ಪಂಚಾಯತಿನ ರಿಜಿಸ್ಟರಿಗೆ ಹಕ್ಕಿಯ ಭಾಗವನ್ನು ತುಂಬುವ ಕೆಲಸವನ್ನು ಅವರು ತಾವಾಗಿ ಕೇಳಿ ಪಡೆದಿದ್ದರು. ಗೇರುಹಣ್ಣಿನ ಕಾಲದ ಒಂದು ಬೆಳಿಗ್ಗೆ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ನಾಲ್ಕು ಮಂದಿ ಶಾಲೆಯ ಹುಡುಗಿಯರ ಜೊತೆ ಬನದ ಕಡೆ ಬರುತ್ತಾರೆಂದು ನನಗೆ ಗೊತ್ತಿತ್ತು. ಅವರ ಆಸೆಯೂ ಗೊತ್ತಿತ್ತು. ಅಂಗಡಿಗೆ ಬಂದಾಗಲೆಲ್ಲ ಹೇಳುವರು: "ನನ್ನ ಅಜ್ಜ ಈ ಬನದಲ್ಲಿ ಮಂಗಟ್ಟೆ ಕೂಗಿದ್ದು ಕೇಳಿದ್ದರಂತೆ ಮಾರಾಯ. ನಾನು ಕಾಡಿಗೆ ಹೋಗಿ ಕೇಳಿದ್ದೇನೆ. ಇಲ್ಲಿ ಕೇಳ್ಲಿಲ್ಲ."

ದೊಡ್ಡ ಮಂಗಟ್ಟೆ ಕೇರಳದ ರಾಜ್ಯಪಕ್ಷಿ. ಕೊಕ್ಕಿನ ಮೇಲೆ ಹಳದಿ ಶಿರಸ್ತ್ರಾಣ ಇಟ್ಟುಕೊಂಡಂತಿರುವ ಭಾರೀ ಹಕ್ಕಿ. ಅದರ ಕೂಗು, ಆಳದ ಬಾವಿಯೊಳಗೆ ಯಾರೋ ಖಾಲಿ ಕೊಡಕ್ಕೆ ಗುದ್ದಿದಂತೆ: ಗೊಕ್, ಗೊಕ್. ಹಾರಿದರೆ ರೆಕ್ಕೆಯಿಂದ ಹಳೆಯ ಉಗಿಬಂಡಿಯ ಸದ್ದು. ಫೋನಿನಲ್ಲಿ ಕೇಳಿ ಕೇಳಿ ಕೂಗನ್ನು ಕಲಿತೆ. ರೆಕ್ಕೆಯ ಸದ್ದಿಗೆ ಅಡಿಕೆಹಾಳೆಯನ್ನು ಗಾಳಿಯಲ್ಲಿ ಜೋರಾಗಿ ಬೀಸಿದರೆ ಸಾಕು. ಇದನ್ನು ಕಂಡುಹಿಡಿದ ದಿನ ನನಗೆ ಒಂದು ಪ್ರಶಸ್ತಿ ಬರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ನನ್ನ ಯೋಜನೆ ಸಣ್ಣದು. ಹತ್ತು ಸಲ ಕೂಗುವುದು, ಮಾಷ್ಟ್ರು ಹತ್ತಿರ ಬಂದಾಗ ಗೋಡೆಯ ಹಿಂದಿನಿಂದ ಎದ್ದು ಅವರದೇ ಸ್ವರದಲ್ಲಿ "ಏಯ್, ಹಿಂದಿನ ಬೆಂಚು!" ಎನ್ನುವುದು, ಎಲ್ಲರೂ ನಗುವುದು. ಕೂಗಿದೆ. ಹಾಳೆ ಬೀಸಿದೆ. ಕಲ್ಲಿನ ಸಂದಿಯಿಂದ ಇಣುಕಿದೆ. ಮಾಷ್ಟ್ರು ಚಪ್ಪಲಿ ಕಳಚಿ ನಿಂತಿದ್ದರು. ಹುಡುಗಿಯರಿಗೆ ಮಾತಾಡಬೇಡಿ ಎಂದು ಕೈಯಲ್ಲೇ ಸನ್ನೆ ಮಾಡುತ್ತ, ಇನ್ನೊಂದು ಕೈಯಿಂದ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಒರೆಸಬೇಕಾದ್ದು ಕನ್ನಡಕವಲ್ಲ ಎಂದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ನಾನು ಏಳಲಿಲ್ಲ. ಇರುವೆ ಕಚ್ಚಿದರೂ ಏಳಲಿಲ್ಲ.

ಮಾರನೆಯ ದಿನ ಮಾಷ್ಟ್ರು ಅಂಗಡಿಗೆ ಬಂದು ತಮ್ಮ ನೋಟುಪುಸ್ತಕದ ಪುಟವನ್ನು ಜೆರಾಕ್ಸ್ ಮಾಡಿಸಿದರು. "ವಯಸ್ಸಾದ ಹಕ್ಕಿ ಇರ್ಬೇಕು," ಎಂದರು. "ಐದು ಕೂಗು ಆದ ಕೂಡ್ಲೇ ಸುಸ್ತಾಗ್ತದೆ. ಎಳೆದು ಒಂದು ಉಸಿರು ತಗೊಂಡು ಮತ್ತೆ ಸುರು ಮಾಡ್ತದೆ. ಪಾಪ, ಒಂಟಿಯಾಗಿ ಎಲ್ಲಿಂದ ಬಂತೋ."

ಆ ಉಸಿರು ನನ್ನದು. ಮೆಟ್ಟಿಲು ಹತ್ತಿದರೂ ನನಗೆ ಏದುಸಿರು. ಆದರೆ "ಪಾಪ" ಎನ್ನಿಸಿಕೊಂಡ ಮೇಲೆ ಬಾಯಿ ಬಿಡುವುದು ಹೇಗೆ? ಅವರು ನಾಳೆ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇನೆಂದರು. ಅವರಿಗೆ ನಿರಾಸೆಯಾಗಬಾರದೆಂದು ಮಾರನೆಯ ದಿನವೂ ಹೋದೆ, ಅದರ ಮಾರನೆಯ ದಿನವೂ. ಹೀಗೆ ನನ್ನ ಸುಳ್ಳಿಗೆ ಒಂದು ಡ್ಯೂಟಿ ಟೈಮ್ ಬಂತು: ಬೆಳಿಗ್ಗೆ ಆರೂಮುಕ್ಕಾಲು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಸಹ ನಾನು ಅಷ್ಟು ಹೊತ್ತಿಗೆ ಎದ್ದದ್ದಿಲ್ಲ.

ಊರಿಗೆ ಹಬ್ಬವಾಯಿತು. ಮೆಂಬರ್ ಒಂದು ಫ್ಲೆಕ್ಸ್ ಹಾಕಿಸಿದರು, ರಾಜ್ಯಪಕ್ಷಿಗೆ ಸ್ವಾಗತ ಅಂತ, ಪಕ್ಕದಲ್ಲಿ ಹಕ್ಕಿಯಷ್ಟೇ ದೊಡ್ಡದಾಗಿ ತಮ್ಮ ಫೋಟೋ. ಅದರ ಡಿಸೈನ್ ಮಾಡಿದ್ದೂ ನಾನೇ. ತಪ್ಪಿನ ಮೇಲೆ ತಪ್ಪು ಮಾಡುವಾಗ ಅಕ್ಷರ ಅಂದವಾಗಿ ಬರಲಿ ಎಂದು ಎರಡು ಸಲ ತಿದ್ದಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ, ಕೂಗುತ್ತ ಇರುತ್ತಿದ್ದೆ. ಆದರೆ ಬನದಲ್ಲಿ ನಿಜವಾಗಿ ವಾಸವಾಗಿದ್ದವರು ಬೇರೆ ಇದ್ದರು. ಗೋಳಿ ಎಂದರೆ ನಮ್ಮಲ್ಲಿ ಆಲ; ಬನದ ಗೋಳಿಮರದ ತುಂಬ ಬಾವಲಿಗಳು. ಹಗಲಿಡೀ ತಲೆಕೆಳಗಾಗಿ, ಯಾರೋ ಹರಕು ಕೊಡೆಗಳನ್ನು ಒಣಗಲು ಹಾಕಿದಂತೆ. ಒಂದರ ಜಾಗಕ್ಕೆ ಇನ್ನೊಂದು ಬಂದರೆ ರೇಷನ್ ಅಂಗಡಿಯ ಸಾಲಿನಲ್ಲಾಗುವ ಹಾಗೆ ಜಗಳ. ಮೊದಲು ಇಂಥ ಬಾವಲಿಮರಗಳು ಸುತ್ತಲಿನ ಊರುಗಳಲ್ಲೆಲ್ಲ ಇದ್ದವು. ಒಂದು ರಸ್ತೆ ಅಗಲ ಮಾಡುವಾಗ ಹೋಯಿತು, ಒಂದು ಬನಕ್ಕೆ ಕಾಂಕ್ರೀಟು ಕಟ್ಟೆ ಹಾಕುವಾಗ ಹೋಯಿತು, ಮತ್ತೊಂದನ್ನು ನಿಪಾ ಜ್ವರದ ಸುದ್ದಿ ಬಂದಾಗ ಹೆದರಿ ಕಡಿದರು. ನಮ್ಮದು ಉಳಿದದ್ದು ನಾಗಬನದಿಂದ ಒಣಕಡ್ಡಿಯನ್ನೂ ತರಬಾರದೆಂಬ ಕಟ್ಟಳೆಯಿಂದ. ಕಡಿಯಬಾರದೆಂದು ಕಟ್ಟಳೆ ಉಂಟು. ಸದ್ದು ಮಾಡಬಾರದೆಂದು ಯಾರೂ ಹೇಳಿರಲಿಲ್ಲ.

ಕ್ಲಬ್ಬಿನ ಅಧ್ಯಕ್ಷ ನನ್ನ ದೋಸ್ತಿ, ಬಾಡಿಗೆ ಜೀಪು ಓಡಿಸುತ್ತಾನೆ. ಒಂದು ದಿನ ಅಂಗಡಿಯ ಬಾಗಿಲಿಗೆ ಒರಗಿ ಹೇಳಿದ: "ಭಾನುವಾರ ಬಾವಲಿ ಓಡಿಸ್ಲಿಕ್ಕುಂಟು. ನೀನೂ ಬಾ."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ ಮಾರಾಯ. ಆ ವಾಸನೆಗೆ ರಾಜ್ಯಪಕ್ಷಿ ನಿಲ್ತದಾ? ಅದಕ್ಕೂ ಗೋಳಿಹಣ್ಣೇ ಬೇಕು, ಇವಕ್ಕೂ ಗೋಳಿಹಣ್ಣೇ ಬೇಕು. ನಿಪಾ ಬೇರೆ. ನಾಲ್ಕು ಗರ್ನಾಲು ಹೊಡೆದ್ರೆ ಮತ್ತೆ ಈ ಕಡೆ ತಲೆ ಹಾಕ್ಲಿಕ್ಕಿಲ್ಲ."

ಗರ್ನಾಲು ಎಂದರೆ ಎದೆ ಅದುರಿಸುವ ಪಟಾಕಿ. ಮರದಲ್ಲಿ ಮರಿಯನ್ನು ಎದೆಗೆ ಅಂಟಿಸಿಕೊಂಡ ತಾಯಿಗಳಿದ್ದವು. ನಾನು ದಿನವೂ ಕೆಳಗೆ ಕೂತು ನೋಡುತ್ತಿದ್ದವನಲ್ಲವೇ.

"ಹಕ್ಕಿಯೂ ಹೆದರ್ತದಲ್ವಾ?" ಎಂದೆ.

"ಅದು ಆರೂಮುಕ್ಕಾಲಕ್ಕೆ ಬಂದು ಏಳಕ್ಕೆ ಹೋಗ್ತದೆ. ನಾವು ಹೊಡೆಯೋದು ಒಂಬತ್ತಕ್ಕೆ." ಅವನು ಎಲ್ಲವನ್ನೂ ಯೋಚಿಸಿದ್ದ.

ಶುಕ್ರವಾರ ಅಕ್ಕ ಅಂಗಡಿಗೆ ಬಂದರು. ಬನದ ಕೆಳಗಿನ ಮನೆಯವರು, ವಯಸ್ಸು ಅರವತ್ತು ದಾಟಿದೆ, ಊರಿಗೆಲ್ಲ ಅವರು ಅಕ್ಕ. ಅವರಿಗೆ ಒಂದು ಗೇರುಮರವೂ ಇಲ್ಲ. ಮೊದಲು ಗುಡ್ಡೆಯಿಡೀ ಸುತ್ತಿ ಬಿದ್ದ ಬೀಜ ಹೆಕ್ಕುತ್ತಿದ್ದರು; ಗುಡ್ಡೆಗೆ ಮುಳ್ಳುಬೇಲಿ ಬಿದ್ದ ಮೇಲೆ ಅದು ನಿಂತಿತು. ಆದರೆ ಬಾವಲಿಗಳಿಗೆ ಬೇಲಿ ತಿಳಿಯದು. ರಾತ್ರಿ ಗುಡ್ಡೆಯಿಂದ ಗೇರುಹಣ್ಣು ಕಚ್ಚಿ ತಂದು, ಅಕ್ಕನ ಅಂಗಳದ ಮಾವಿನಮರದಲ್ಲಿ ಕೂತು ರಸ ಹೀರಿ, ಬೀಜವನ್ನು ಕೆಳಗೆ ಉದುರಿಸುತ್ತವೆ. ಬೆಳಿಗ್ಗೆ ಅಕ್ಕ ಹೆಕ್ಕಿ ಒಣಗಿಸುತ್ತಾರೆ. ನಿಪಾದ ಸುದ್ದಿ ಬಂದಂದಿನಿಂದ ಕೈಗೆ ರಬ್ಬರಿನ ಗವಸು, ಮೂಗಿಗೆ ಬಟ್ಟೆ, ಹಿಡಿಯಲು ಸೀಳಿದ ಬಿದಿರಿನ ಇಕ್ಕಳ. ನೋಡಿದರೆ ಆಪರೇಶನ್ನಿಗೆ ಹೊರಟ ಡಾಕ್ಟರ ಹಾಗೆ ಇರುತ್ತಾರೆ. ಅವರ ವರ್ಷದ ಅಕ್ಕಿ ಆ ಬೀಜದಲ್ಲಿದೆ.

ಅವರು ಸ್ಟೂಲಿನ ಮೇಲೆ ಕೂತರು. "ಒಂದು ಅಪೇಕ್ಷೆ ಬರಿ," ಎಂದರು. ಅರ್ಜಿಗೆ ಅವರು ಆಫೀಸಿನ ಮಲಯಾಳದ ಮಾತನ್ನೇ ಹೇಳುವುದು. "ನಾಳೆ ವಾಚನಾಲಯದಲ್ಲಿ ಮೀಟಿಂಗ್ ಉಂಟಂತೆ. ಬಾವಲಿ ಓಡಿಸ್ಬಾರ್ದು ಅಂತ ಬರಿ."

"ಕಾರಣ?"

"ಓಡಿಸಿದ್ರೆ ನಾನು ಎಂತ ತಿನ್ನೋದು?"

"ಅದು ನಿಮ್ಮ ಕಾರಣ ಅಕ್ಕ. ಪಂಚಾಯತಿಗೆ ಬೇರೆ ಕಾರಣ ಬೇಕು. ಹಕ್ಕಿಗೆ ಕಾರಣ ಉಂಟು. ಅದು ಅಪಾಯದಲ್ಲಿರುವ ಜಾತಿ."

"ಹಾಗಾದ್ರೆ ಆ ಹಕ್ಕಿಯದ್ದು ಎಂತೆಲ್ಲ ಉಂಟು, ಹೇಳು. ಒಂದೊಂದೇ ನೋಡುವ."

ಫೋನು ತೆಗೆದು ಓದಿದೆ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ಆ ಸೀಳಿನಿಂದ ಹಣ್ಣು ಕೊಡುತ್ತದೆ. ವಾರಗಟ್ಟಲೆ. ಹೆಚ್ಚಾಗಿ ಬದುಕಿ ಹೊರಗೆ ಬರುವುದು ಒಂದೇ ಮರಿ.

"ಒಳ್ಳೆ ಗಂಡು," ಎಂದರು ಅಕ್ಕ. "ಬಾವಲಿಗೂ ವರ್ಷಕ್ಕೆ ಒಂದೇ ಮರಿ. ನಾನು ನೋಡಿದ್ದೇನೆ. ಗಂಡು ಹತ್ತಿರ ಬರುದಿಲ್ಲ. ತಾಯಿಯೇ ಹೊತ್ತುಕೊಂಡು ಹಾರ್ತದೆ. ಯಾವುದು ಕಷ್ಟ?"

ಬರೆದೆ. ಮಂಗಟ್ಟೆ ಹಣ್ಣು ತಿಂದು ದೂರ ಹೋಗಿ ಬೀಜ ಹಾಕಿ ಕಾಡು ಬೆಳೆಸುತ್ತದೆ ಎಂದು ಓದಿದೆ. ಅಕ್ಕ ಹೊರಗೆ ಕೈ ತೋರಿಸಿದರು. "ಶಾಲೆಯ ಹಿಂದೆ ಆ ಗೋಳಿ ಗಿಡ ಯಾರು ನೆಟ್ಟದ್ದು? ಮೆಂಬರಾ?" ಅದನ್ನೂ ಬರೆದೆ, ಮೆಂಬರನ್ನು ಬಿಟ್ಟು. ಮಂಗಟ್ಟೆ ಹಗಲಿನ ಪಾಳಿ, ಬಾವಲಿ ರಾತ್ರಿಯ ಪಾಳಿ, ಕೆಲಸ ಒಂದೇ. ಒಂದಕ್ಕೆ ಫ್ಲೆಕ್ಸ್, ಇನ್ನೊಂದಕ್ಕೆ ಗರ್ನಾಲು.

"ಆ ಅಪಾಯದ ಲಿಸ್ಟಿನಲ್ಲಿ ಬಾವಲಿ ಇಲ್ವಾ?" ಎಂದು ಕೇಳಿದರು.

ಹುಡುಕಿದೆ. ದಕ್ಷಿಣದ ಎತ್ತರದ ಬೆಟ್ಟಗಳಲ್ಲಿ ಒಂದು ಹಣ್ಣುಬಾವಲಿ ಉಂಟು. ಬಲು ಅಪರೂಪ. ಅಪಾಯದ ಲೆಕ್ಕದಲ್ಲಿ ಅದು ಮಂಗಟ್ಟೆಗಿಂತಲೂ ಒಂದು ಮೆಟ್ಟಿಲು ಮುಂದೆ ಹೋಗಿದೆ.

"ಅದು ನಮ್ಮದಾ?"

"ಅಲ್ಲ ಅಕ್ಕ. ನಮ್ಮದರ ಸಂಬಂಧಿಕರು. ನಮ್ಮ ದೊಡ್ಡ ಬಾವಲಿಯನ್ನು ಹೆದರ್ಲಿಕ್ಕಿಲ್ಲದ ಜಾತಿ ಅಂತ ಹಾಕಿದ್ದಾರೆ."

"ಈ ಊರಲ್ಲಿ ಎಷ್ಟು ಮರ ಉಳ್ದಿದೆ ಅಂತ ಅವರಿಗೆ ಎಂತ ಗೊತ್ತು? ಎಲ್ಲ ಹೋದ ಮೇಲೆ ಲಿಸ್ಟಿಗೆ ಸೇರಿಸೋದಾ? ಸಂಬಂಧಿಕರು ಅಲ್ವಾ, ಅವರದ್ದೂ ಬರಿ." ಆಮೇಲೆ, "ಆಶಾ ಕಾರ್ಯಕರ್ತೆ ಹೇಳಿದ್ದು ಕೂಡ ಬರಿ. ಕಚ್ಚಿದ ಹಣ್ಣು ತಿನ್ಬೇಡಿ, ಬಾವಲಿಯನ್ನು ಕೆಣಕ್ಬೇಡಿ, ಕೆಣಕಿ ಚದುರಿಸಿದ್ರೆ ಕಾಯಿಲೆಗೆ ಇನ್ನೂ ದಾರಿ ಆಗ್ತದೆ ಅಂತ. ನಾನು ಗವಸು ಹಾಕ್ತೇನೆ. ಇವರು ಎಂತ ಹಾಕ್ತಾರೆ, ಗರ್ನಾಲು ಹಾಕ್ತಾರೆ," ಎಂದರು.

ಅರ್ಜಿ ಒಂದೂವರೆ ಪುಟವಾಯಿತು. ಓದಿ ಹೇಳಿದೆ. ಅವರು ಕನ್ನಡಕವಿಲ್ಲದೆ, ಅಕ್ಷರಗಳ ಮೇಲೆ ಬೆರಳು ಇಟ್ಟು ನಿಧಾನ ಸಹಿ ಹಾಕಿದರು. ಬೆರಳ ತುದಿಗಳೆಲ್ಲ ಗೇರಿನ ಎಣ್ಣೆಗೆ ಸುಟ್ಟು ಕಪ್ಪಾಗಿದ್ದವು. ಏಳುವಾಗ ಕೇಳಿದರು: "ಮಾಷ್ಟ್ರಿಗೆ ಹಕ್ಕಿ ಬೇಕು, ನಂಗೆ ಬಾವಲಿ ಬೇಕು. ಎರಡೂ ಇರ್ಲಿಕ್ಕೆ ಆಗುದಿಲ್ವಾ ಮಗಾ? ಮರ ದೊಡ್ಡದೇ ಉಂಟಲ್ಲ."

ಎರಡೂ ಇರಲು ಏನೂ ತೊಂದರೆಯಿರಲಿಲ್ಲ. ತೊಂದರೆ ಒಂದೇ, ಎರಡರಲ್ಲಿ ಒಂದು ಇರಲೇ ಇಲ್ಲ. ಇಲ್ಲದ್ದರ ಸಲುವಾಗಿ ಇದ್ದದ್ದನ್ನು ಓಡಿಸಲು ಹೊರಟಿದ್ದಾರೆಂಬುದು ಈ ಊರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಅವರಿಂದ ಜೆರಾಕ್ಸಿನ ದುಡ್ಡು ಬೇಡವೆಂದು ದೊಡ್ಡಸ್ತಿಕೆ ತೋರಿಸುತ್ತಿದ್ದ.

ಶನಿವಾರ ಬೆಳಿಗ್ಗೆ ನಾನು ಬನಕ್ಕೆ ಹೋಗಲಿಲ್ಲ. ಮಾಷ್ಟ್ರು ಎಂಟರವರೆಗೆ ಕಾದರಂತೆ.

ಸಂಜೆ ವಾಚನಾಲಯದಲ್ಲಿ ಮೂವತ್ತು ಮಂದಿ ಇದ್ದರು. ಮೆಂಬರ್ ಅಕ್ಕನ ಅರ್ಜಿಯನ್ನು ಓದಿಸಿದರು, ಅಲ್ಲಲ್ಲಿ ನಗು ಬಂತು. "ಸಂಬಂಧಿಕರು" ಎಂಬಲ್ಲಿ ಹೆಚ್ಚು. ಮಾಷ್ಟ್ರು ನಗಲಿಲ್ಲ. ಬಾವಲಿಯ ವಿಷಯ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅಷ್ಟು ದಿನ ಒಂದು ಮಾತು ಆಡದೆ ಕೂತದ್ದಕ್ಕೋ ಏನೋ, ತಲೆ ತಗ್ಗಿಸಿಕೊಂಡಿದ್ದರು.

"ಅಕ್ಕನ ಕಷ್ಟ ನಮಗೆ ಅರ್ಥ ಆಗ್ತದೆ," ಎಂದರು ಮೆಂಬರ್. "ಆದ್ರೆ ಹಕ್ಕಿ ರಿಜಿಸ್ಟರಿನಲ್ಲಿ ಉಂಟು. ಊರಿಗೆ ಮರ್ಯಾದೆ ತಂದ ಹಕ್ಕಿ."

ನಾನು ಎದ್ದು ನಿಂತೆ. "ಆ ಹಕ್ಕಿ ನಾನು," ಎಂದೆ.

ಎಲ್ಲರೂ ನಕ್ಕರು. ಒಬ್ಬ ಹಿಂದಿನಿಂದ "ಕೊಕ್ಕು ಎಲ್ಲಿ?" ಎಂದ. ಹೋದ ವರ್ಷ ಕ್ಲಬ್ಬಿನ ಸ್ಟೇಜಿನಲ್ಲಿ ನಾನು ಮೆಂಬರ್ ಆಗಿದ್ದೆ, ಅದರ ಹಿಂದಿನ ವರ್ಷ ಬಸ್ಸೇ ಆಗಿದ್ದೆ. ಈಗ ಹಕ್ಕಿಯಾದರೆ ಆಶ್ಚರ್ಯವೇನು. ನಾನು ನಿಜ ಹೇಳುತ್ತಿದ್ದೇನೆ ಎಂದಷ್ಟೂ ನಗು ಹೆಚ್ಚಾಯಿತು. ಕೊನೆಗೆ ಅಲ್ಲೇ ನಿಂತು ಕೂಗಿದೆ: ಗೊಕ್, ಗೊಕ್. ಚಪ್ಪಾಳೆ ಬಿತ್ತು.

"ಒಳ್ಳೆ ಕಲ್ತಿದ್ದಾನೆ," ಎಂದ ಜೀಪಿನ ದೋಸ್ತಿ. "ಹದಿನೈದು ದಿನ ಹಕ್ಕಿ ಕೇಳಿದ್ದಾನಲ್ಲ, ಬಾರದೆ ಇರ್ತದಾ?"

ಜೀವಮಾನದಲ್ಲಿ ಮೊದಲ ಸಲ ನಾನು ಯಾರನ್ನೂ ಅನುಕರಿಸದೆ ಮಾತಾಡಿದ್ದೆ, ಅದನ್ನು ನಂಬುವವರಿಲ್ಲ. ಅಕ್ಕ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಗಿಬಿಟ್ಟಿತ್ತು. ಅಂಗಡಿಯಲ್ಲಿ ಒಂದೂವರೆ ಪುಟ ಬರೆಯುವಾಗ ನಾನು ಯಾಕೆ ಬೆವರಿದೆ ಎಂಬುದೂ ಅರ್ಥವಾಗಿರಬೇಕು.

ಆಗ ಮಾಷ್ಟ್ರು ತಲೆ ಎತ್ತಿದರು. "ಹೊರಗೆ ಹೋಗು," ಎಂದರು. "ಬಾವಿಯ ಆಚೆ ನಿಂತು ಕೂಗು. ನಿಲ್ಲಿಸ್ಬೇಡ."

ಹೋದೆ. ಬಾವಿಕಟ್ಟೆಯ ಆಚೆ ಕೂತು ಕೂಗಿದೆ. ಐದು ಕೂಗು. ಉಸಿರು. ಮತ್ತೆ ಐದು. ಮತ್ತೆ ಉಸಿರು. ಒಳಗಿನ ಗದ್ದಲ ನಿಂತದ್ದು ಕೇಳಿಸಿತು. ಹಾಳೆಯಿರಲಿಲ್ಲವಾದ್ದರಿಂದ ಲುಂಗಿಯ ತುದಿಯನ್ನೇ ಬೀಸಿದೆ. ಇಷ್ಟು ಕೆಟ್ಟ ಪ್ರೇಕ್ಷಕರ ಮುಂದೆ ನಾನು ಯಾವತ್ತೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ.

ಒಳಗೆ ಬಂದಾಗ ಮಾಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಬೈಯುತ್ತಾರೆ ಎಂದುಕೊಂಡೆ. ಕಾಯುತ್ತಿದ್ದೆ ಕೂಡ, ಬೈದರೆ ಸ್ವಲ್ಪ ಹಗುರವಾಗುತ್ತಿತ್ತು. ಅವರು ಕಿಸೆಯಿಂದ ಪೆನ್ನು ತೆಗೆದು, ನೋಟುಪುಸ್ತಕದ ಆ ಪುಟ ಬಿಡಿಸಿ, ಸ್ಕೇಲ್ ಇಟ್ಟ ಹಾಗೆ ನೇರವಾಗಿ ಒಂದು ಗೆರೆ ಎಳೆದರು.

"ಬನದಲ್ಲಿ ನಾನು ಕೇಳಿದ್ದು ಇದನ್ನೇ," ಎಂದರು. "ರಿಜಿಸ್ಟರಿನಿಂದಲೂ ತೆಗೀರಿ." ನನ್ನ ಕಡೆ ತಿರುಗದೆಯೇ, "ಕೂಗು ಸರಿಯುಂಟು. ಉಸಿರು ಮಾತ್ರ ನೋಡಿಕೋ. ಡಾಕ್ಟರಿಗೆ ತೋರಿಸು," ಎಂದರು. ಅವರದೇ ಸ್ವರದಲ್ಲಿ ಇವತ್ತಿಗೂ ಆ ಮಾತನ್ನು ಯಾರಿಗೂ ಮಾಡಿ ತೋರಿಸಿಲ್ಲ.

ಮೆಂಬರ್ ಗಂಟಲು ಸರಿಮಾಡಿಕೊಂಡರು. ಫ್ಲೆಕ್ಸಿನ ಫೋಟೋ ಅವರ ಕಣ್ಣ ಮುಂದೆ ಬಂದಿರಬೇಕು. ಮಾಷ್ಟ್ರು ಎದ್ದು ನಿಂತು ಬಾವಲಿಯ ಪರವಾಗಿ ನಾಲ್ಕು ಮಾತು ಹೇಳಿದರು, ಅಕ್ಕನ ಅರ್ಜಿಯಲ್ಲಿದ್ದ ಒಂದೊಂದು ಸಾಲೂ ಸರಿಯೆಂದರು. ಮುಂದಿನ ಬೆಂಚುಗಳು ತಲೆಯಾಡಿಸಿದವು. ಹಿಂದಿನವು ಆಡಿಸಲಿಲ್ಲ. ಅಲ್ಲಿ ಹುಡುಗರ ಕಾಲ ಬಳಿ ಒಂದು ದೊಡ್ಡ ಪೊಟ್ಟಣವಿತ್ತು.

"ಅದೆಲ್ಲ ಸರಿ ಮಾಷ್ಟ್ರೇ," ಎಂದ ನನ್ನ ದೋಸ್ತಿ. ಅವನ ಸ್ವರ ಮೂಗಿಗೆ ಬಂದಿತ್ತು. "ಹಕ್ಕಿ ಇಲ್ಲ, ಆಯ್ತು. ಆದ್ರೆ ನಾಳೆಗೆ ಎಲ್ಲ ರೆಡಿ ಮಾಡಿಯಾಗಿದೆ. ಮಂಗಳೂರಿನಿಂದ ಗರ್ನಾಲು ತಂದಾಗಿದೆ. ಹೇಗೂ ಊರಿಗೆ ತೊಂದರೆ ಕೊಡುವ ಪ್ರಾಣಿ ಅಲ್ವಾ. ಈಗ ಇದನ್ನು ಎಂತ ಮಾಡೋದು?"

ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು, ಪೊಟ್ಟಣವನ್ನು ನೋಡಿದರು, ನನ್ನನ್ನು ನೋಡಿದರು.

"ತಂದಾಗಿದ್ರೆ ಇವನ ಕಾಲಿನ ಬುಡದಲ್ಲಿ ಹೊಡೀರಿ," ಎಂದರು. "ಬನದ ಹತ್ತಿರ ಕೂತು ಊರಿಗೆ ತೊಂದರೆ ಕೊಟ್ಟ ಪ್ರಾಣಿ ಇಷ್ಟರವರೆಗೆ ಇದೊಂದೇ."